ಎದ್ದ ಮಾತ್ರಕ್ಕೆ

ವಾರ್ಡೋ ಬಂದರಿನಲ್ಲಿ ಡಿಸೆಂಬರಿಗೆ ಬೆಳಗೆಂಬುದಿಲ್ಲ.
ಗಡಿಯಾರ ಏಳು ಎನ್ನುತ್ತದೆ, ಆಕಾಶ ಒಪ್ಪುವುದಿಲ್ಲ.
ರಾತ್ರಿ ಎರಡೂ ನಲವತ್ತಕ್ಕೆ
ನಕಾಶೆಯ ಮೇಲೆ ಹದಿನಾರು ದೋಣಿ
ಇದ್ದಲ್ಲೇ ನಿಂತವು. ಕಡಲು ನಿಂತಿರಲಿಲ್ಲ.

ರೇಡಿಯೋದಲ್ಲಿ ಹಾಲ್‌ವೋರ್ ಬೈದ:
"ನಾನು ಬಂದರು ಮುಟ್ಟಿ ಮೀನು ಇಳಿಸಿದ್ದೇನೆ,
ನಿನ್ನ ಪರದೆಯಲ್ಲಿ ಇನ್ನೂ
ಹಿಮಗಾಳಿಯಲ್ಲಿ ಬಲೆ ಎಳೆಯುತ್ತಿದ್ದೇನಂತೆ!"

ಸರ್ವರ್ ಸತ್ತಿರಲಿಲ್ಲ. ಸತ್ತಿದ್ದರೆ ಸುಲಭವಿತ್ತು,
ಸಾಯುವುದು ಒಂದು ಚೀಟಿ ಬರೆದಿಟ್ಟು ಸಾಯುತ್ತದೆ.
ಇದು ಉಸಿರಾಡುತ್ತಿತ್ತು, ಮಾತಾಡುತ್ತಿರಲಿಲ್ಲ.
ಪ್ರೊಸೆಸರ್ ಸೊನ್ನೆ. ಮೆಮೊರಿ ನೆಟ್ಟಗಿದೆ. ಸಾಕೆಟ್ ತೆರೆದೇ ಇದೆ,
ತೆರೆದ ಬಾಯಿಗೆ ತುತ್ತಿಟ್ಟರೂ ನುಂಗುವುದಿಲ್ಲ.

ಡಿಬಗ್ಗರ್ ಹಾಕಿ ಹದಿನಾಲ್ಕು ಎಳೆಗಳನ್ನೂ
ಒಂದೊಂದಾಗಿ ಕೇಳಿದೆ: ಏನು ಮಾಡುತ್ತಿದ್ದೀಯ?
ಕಾಯುತ್ತಿದ್ದೇನೆ.
ನೀನು?
ಕಾಯುತ್ತಿದ್ದೇನೆ.
ಕಾಯುವುದೆಂದರೆ ಯಾವುದು?
ಬರಲೆಂದು ಕಾಯುವುದೇ, ಕಳೆಯದಂತೆ ಕಾಯುವುದೇ?
ಒಲೆಯ ಮೇಲಿನ ಹೆಂಚು ಕಾದಂತೆ ಕಾದಿದ್ದರೆ
ಫ್ಯಾನಿನ ಸದ್ದಿಗಾದರೂ ಗೊತ್ತಾಗುತ್ತಿತ್ತು.

ಏಳನೆಯದು ಸಂಪರ್ಕಗಳ ಪಟ್ಟಿಗೆ ಬೀಗ ಹಾಕಿ
ಕಳಿಸುವ ಸರದಿಯ ಬೀಗಕ್ಕೆ ಕೈ ಚಾಚಿದೆ.
ಹನ್ನೊಂದನೆಯದು ಸರದಿಯ ಬೀಗ ಹಿಡಿದುಕೊಂಡೇ
ಯಾರದೋ ಕಾಲ್‌ಬ್ಯಾಕನ್ನು ಕರೆದಿದೆ.
ಆ ಕಾಲ್‌ಬ್ಯಾಕ್, ಪಾಪ, ಏನೂ ಅರಿಯದೆ
"ಪಟ್ಟಿಯಿಂದ ಈ ದೋಣಿಯನ್ನು ತೆಗೆ" ಎಂದಿದೆ.
ಇವನ ಜುಟ್ಟು ಅವನ ಕೈಲಿ, ಅವನದು ಇವನ ಕೈಲಿ,
ಬಿಡು ಎನ್ನಲು ಬಾಯಿಲ್ಲ ಇಬ್ಬರಿಗೂ.
ಉಳಿದ ಹನ್ನೆರಡು ಬೆನ್ನ ಹಿಂದೆ,
ಮುಂದೇನಾಗಿದೆಯೆಂದು ಕೇಳದ ಸಾಲಿನ ಹಾಗೆ, ಬಲು ಶಿಸ್ತಾಗಿ.

ಅಂತೂ ಸಿಕ್ಕು ಸಿಕ್ಕಿತು.
ಕಟ್ಟಳೆ ಬರೆದೆ: ಮೊದಲು ಪಟ್ಟಿ, ಆಮೇಲೆ ಸರದಿ, ಯಾರೇ ಆಗಲಿ.
ಬೀಗ ಹಿಡಿದ ಕೈಯಿಂದ ಹೊರಗಿನವರ ಬಾಗಿಲು ತಟ್ಟಬೇಡ.
ತಟ್ಟಿದವಳು ನಾನೇ, ಆರು ವರ್ಷದ ಕೆಳಗಿನ ನಾನು.
"ಇಲ್ಲಿ ತೊಂದರೆಯಾಗದು" ಎಂದು ಪಕ್ಕದಲ್ಲಿ ಟಿಪ್ಪಣಿ ಬೇರೆ.

ದೋಣಿಗಳು ಚಲಿಸಿದವು. ಮಲಗಿದೆ.
ಐದೂ ಹತ್ತಕ್ಕೆ ಮತ್ತೆ ನಿಂತವು.

ಈ ಸಲ ಬೀಗ ಯಾರ ಕೈಲೂ ಇಲ್ಲ.
ಒಂದೇ ಒಂದು ಎಳೆ
ಕಂಡಿಷನ್ ವೇರಿಯಬಲ್ಲಿನ ಹೊಸಿಲಲ್ಲಿ ಕಣ್ಣು ಮುಚ್ಚಿದೆ.
ಅದನ್ನು ಎಬ್ಬಿಸುವ ಕೂಗು ಆಗಲೇ ಆಗಿಹೋಗಿತ್ತು,
ಸರದಿ ಖಾಲಿಯೆಂದು ನೋಡಿದ ಮೇಲೆ, ಮಲಗುವ ಮುನ್ನ,
ಆ ಕೂದಲೆಳೆಯ ಸಂದಿಯಲ್ಲಿ.
ಕೂಗು ಟಪಾಲಲ್ಲ, ಪೆಟ್ಟಿಗೆಯಲ್ಲಿ ಬಿದ್ದಿರುವುದಿಲ್ಲ;
ಕೇಳುವವರಿಲ್ಲದಿದ್ದರೆ ಬರೀ ಗಾಳಿ.

ಪಕ್ಕದ ಮನೆಯ ಇಂಗೆಬ್ರಿಕ್ಟ್,
ಮೂವತ್ತೊಂದು ವರ್ಷ ಕರಾವಳಿ ರೇಡಿಯೋ ಕಾದವನು,
ಕಾಫಿಗೆ ಬಂದ. ಪರದೆ ನೋಡಿದ, ತಲೆಬುಡ ತಿಳಿಯಲಿಲ್ಲ.
ಹೇಳಿದೆ. ನಕ್ಕ.
"ಎಚ್ಚರವಾಯಿತೆಂದು ನಾನು ಓಡುತ್ತಿರಲಿಲ್ಲ ಕಣಮ್ಮ,
ಎದ್ದು ದೀಪ ನೋಡುತ್ತಿದ್ದೆ.
ಎಷ್ಟೋ ಸಲ ಗಾಳಿ ತಗಡು ಬಡಿದದ್ದು, ಅಷ್ಟೇ.
ಉರಿಯದಿದ್ದರೆ ಮತ್ತೆ ಮಲಗುವುದು, ಎದ್ದರೆ ಮತ್ತೆ ನೋಡುವುದು.
ಮಲಗುವ ಮುಂಚೆಯೂ ನೋಡಬೇಕು, ಅದನ್ನೇ ಎಲ್ಲರೂ ಮರೆಯುತ್ತಾರೆ.
ಇನ್ನು ದೀಪ ಹಚ್ಚುವವನು,
ದಿನಚರಿ ಪುಸ್ತಕ ಕೈಲಿಲ್ಲದೆ ಹಚ್ಚುವಂತಿಲ್ಲ.
ನೀನು ಮಲಗುವಾಗ ಪುಸ್ತಕ ಮೇಜಿನ ಮೇಲೆ ಬಿಟ್ಟು ಮಲಗು,
ತಲೆದಿಂಬಿನಡಿ ಇಟ್ಟುಕೊಂಡರೆ ಅವನೇನು ಮಾಡಿಯಾನು?"

ಒಂದು 'ಇಫ್' ಅಳಿಸಿ 'ವೈಲ್' ಬರೆದೆ.
ಧ್ವಜ ಬದಲಿಸುವ ಸಾಲನ್ನು ಬೀಗದೊಳಗೆ ಎಳೆದೆ.
ನಾಲ್ಕು ಸಾಲು, ಮೂರು ತಿಂಗಳ ಬೈಗುಳಕ್ಕೆ.

ಈಗ ಹನ್ನೊಂದು ಗಂಟೆ. ದಿಗಂತದಲ್ಲಿ ನೀಲಿಯ ಗೆರೆಯೊಂದು:
ಸೂರ್ಯನಲ್ಲ, ಸೂರ್ಯನ ಸುದ್ದಿ.
ಹಾಲ್‌ವೋರನ ದೋಣಿ ಪರದೆಯಲ್ಲೂ ದಡದಲ್ಲೇ ಇದೆ.
ಲಾಗಿನಲ್ಲಿ ಒಂದು ಎಚ್ಚರ, ಒಂಬತ್ತೂ ಐದಕ್ಕೆ.
ಯಾರೂ ಕೂಗಿರಲಿಲ್ಲ, ಎಳೆ ತಾನೇ ಎದ್ದಿತ್ತು,
ಸರದಿ ಖಾಲಿಯೆಂದು ನೋಡಿ ಮತ್ತೆ ಮಲಗಿತ್ತು.
ಯಾಕೆದ್ದಿತು? ಹಾಗಾಗುವುದುಂಟು
ಎನ್ನುತ್ತದೆ ಕೈಪಿಡಿ, ಅದಕ್ಕಿಂತ ಹೆಚ್ಚು ಹೇಳುವುದಿಲ್ಲ.

ಕೆಲವು ರಾತ್ರಿ ನಾನೂ ಹಾಗೆ ಏಳುತ್ತೇನೆ.
ಕಿಟಕಿ ನೋಡುತ್ತೇನೆ. ಇಲ್ಲ.
ಹೊದಿಕೆ ಎಳೆದುಕೊಳ್ಳುತ್ತೇನೆ.